ಎಡಗಿವಿಯ ತಂಬೂರಿ

"ಮೇಡಂ, ಬೇಜಾರು ಮಾಡ್ಕೋಬೇಡಿ... ನಿಮ್ಮ ಮಷೀನಿನ ಶ್ರುತಿ ಸರಿಯಿಲ್ಲ!"

ಗಾಜಿನ ಆಚೆ, ಹೊರಗಿನ ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವನು ಹೀಗೆಂದಾಗ ಅವಳಿಗೆ ನಗು ಬಂತು. ಕಿವಿ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಕೇಳಿಸದಿದ್ದರೂ ಕೇಳಿಸಿತು ಎಂದು ಗುಂಡಿ ಒತ್ತುವವರನ್ನು ನೋಡಿದ್ದಳು. ಯಂತ್ರಕ್ಕೇ ಸಂಗೀತ ಪಾಠ ಹೇಳಲು ಹೊರಟವನು ಇವನೇ ಮೊದಲು.

ಮೈಕಿನ ಗುಂಡಿ ಒತ್ತಿದಳು. "ಏನಾಯ್ತು ಸರ್?"

"ಬಲಗಡೆ ಬಂದ ಸ್ವರಾನೇ ಎಡಗಡೆ ಅರ್ಧ ಸ್ವರ ಕೆಳಗೆ ಬರ್ತಿದೆ. ಮನೇಲೂ ಹೀಗೇ. ತಂಬೂರಿ ಬಲಗಡೆ ನೆಟ್ಟಗಿರುತ್ತೆ, ಎಡಗಡೆ ಇಳಿದುಬಿಡುತ್ತೆ. ಎರಡು ಹೆಡ್‌ಫೋನ್ ಬದಲಾಯಿಸ್ದೆ, ಊಹೂಂ..."

ಅವಳ ನಗು ಗಂಟಲಲ್ಲೇ ನಿಂತಿತು.

ಈ ಮಾತನ್ನು ಅವಳು ಮೊದಲೇ ಓದಿದ್ದಳು. ಹನ್ನೆರಡು ದಿನದ ಹಿಂದೆ!

ಶಾಸ್ತ್ರೀಯ ಸಂಗೀತದ ಹುಚ್ಚು ಹಿಡಿದವರ ಒಂದು ಗುಂಪು ಅವಳ ಫೋನಿನಲ್ಲಿತ್ತು. ಸಂಜೆ ಏಳಕ್ಕೆ ಯಾರಾದರೊಬ್ಬರು 'ಈಗ ಏನು ಕೇಳ್ತಿದ್ದೀರಿ?' ಎಂದು ಹಾಕಿದರೆ ಸಾಕು, ಬಿರುಸಾಗಿ ಉತ್ತರಗಳು ಬೀಳುತ್ತಿದ್ದವು. ಒಬ್ಬರು ಪಾತ್ರೆ ತೊಳೆಯುತ್ತಾ ಕಲ್ಯಾಣಿ ಕೇಳುತ್ತಿದ್ದರು, ಇನ್ನೊಬ್ಬರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ತೋಡಿ. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಪ್ರತಿಯೊಂದನ್ನೂ ತೂಗಿ ತೂಗಿ ಮಾತಾಡುವ ಇವಳು 'ತಕ್ಕಡಿ'. ಕಡಿಮೆ ಮಾತಿನ ಒಬ್ಬಾತ 'ಮಂದ್ರ'.

'ಈಗ ಕೇಳ್ತಿರೋದು ಭೈರವಿ. ಹನ್ನೊಂದನೇ ನಿಮಿಷದಲ್ಲಿ ಗಾಯಕಿ ಒಂದು ಉಸಿರು ತಗೋತಾರೆ, ಅದನ್ನ ಬಿಡಬೇಡಿ.' ಮಂದ್ರ ಬರೆಯುತ್ತಿದ್ದುದು ಇಷ್ಟೇ. ಆ ಒಂದು ಉಸಿರಿಗಾಗಿ ಅವಳು ಎಷ್ಟು ಸಲ ಆ ಹಾಡನ್ನು ಕೇಳಿದ್ದಳೋ! ಹೀಗೇ ಎರಡು ವರ್ಷ ಕಳೆದಿತ್ತು. ಮುಖ ನೋಡದವನಿಗೆ ಮನಸ್ಸು ಕೊಡುವುದು ಹುಚ್ಚು ಎಂದು ತನಗೆ ತಾನೇ ಬೈದುಕೊಂಡಿದ್ದಳು. ಬೈದುಕೊಂಡ ಮಾತ್ರಕ್ಕೆ ಕೊಟ್ಟ ಮನಸ್ಸು ಹಿಂದಕ್ಕೆ ಬರುತ್ತದೆಯೇ?

ಹನ್ನೆರಡು ದಿನದ ಹಿಂದೆ ಅವಳ ಪ್ರಾಣದಂಥ ಒಂದು ವೀಣೆಯ ಕಛೇರಿಯ ಬಗ್ಗೆ ಅವನು ಬರೆದಿದ್ದ. 'ಇದರಲ್ಲಿ ಎಡಗಡೆಯ ತಂಬೂರಿ ಅರ್ಧ ಸ್ವರ ಇಳಿದಿದೆ. ಯಾರೂ ಗಮನಿಸಲಿಲ್ಲವೇ?'

ಅವಳಿಗೆ ಮೂಗಿನ ತುದಿಯಲ್ಲೇ ಕೋಪ. 'ತಂಬೂರಿ ನೆಟ್ಟಗಿದೆ ಮಂದ್ರ ಅವರೇ, ಕೆಟ್ಟಿರೋದು ನಿಮ್ಮ ಕಿವಿ. ಹೋಗಿ ತೋರಿಸ್ಕೊಳ್ಳಿ!'

ನಲವತ್ತು ಜನ ನಗುಮುಖ ಒತ್ತಿದರು. ಅವಳೂ ನಕ್ಕಿದ್ದಳು. ಅಂದಿನಿಂದ ಮಂದ್ರನ ಸುದ್ದಿಯೇ ಇರಲಿಲ್ಲ.

ಬೇರೆಯವರು ನಕ್ಕಿದ್ದು ಬಿಡಿ, ಅವರಿಗೇನು ಗೊತ್ತು! ಇದ್ದಕ್ಕಿದ್ದಂತೆ ಒಂದೇ ಕಿವಿಯಲ್ಲಿ ಸ್ವರ ಇಳಿದು ಕೇಳಿಸಿದರೆ ಒಳಗಿವಿಗೆ ಪೆಟ್ಟು ಬಿದ್ದಿರಬಹುದು, ತಕ್ಷಣ ಓಡಬೇಕು ಎಂದು ಓದಿಯೇ ಪಾಸಾದವಳು ಇವಳು. ದಿನವಿಡೀ ಕಿವಿಯ ದೂರು ಕೇಳಿ ಬರೆದುಕೊಳ್ಳುವವಳಿಗೆ, ಹಾಡಿನ ವಿಷಯ ಬಂದಾಗ ಮಾತ್ರ ಅದು ದೂರು ಎಂದು ಹೊಳೆಯಲೇ ಇಲ್ಲ.

"ಮೇಡಂ? ಮುಂದುವರಿಸೋಣ್ವಾ?"

ಅವಳು ಪದಗಳ ಪಟ್ಟಿಯನ್ನು ಹತ್ತಿರ ಎಳೆದುಕೊಂಡಳು. "ಹಾಂ... ಈಗ ನಾನು ಹೇಳೋ ಪದಾನ ತಿರುಗಿ ಹೇಳ್ಬೇಕು. ಎಡಗಿವಿ. ಮನೆ."

ಅವನು ಕಣ್ಣು ಮುಚ್ಚಿ ಕೂತ.

"ಮರ. ಹಾಲು. ಬಾಗಿಲು."

"ಏನೋ ಗುಂಯ್ ಅಂತಿದೆ ಅಷ್ಟೇ. ಮಾತು ಹಾಗಿರೋದಿಲ್ಲ ಅಲ್ವಾ?" ಎಂದ ಅವನು, ಮುಖದಲ್ಲಿ ಇಲ್ಲದ ನಗು ತಂದುಕೊಂಡು.

ಹೊರಗೆ ಬಂದು ಕೂತವನನ್ನು ಕೇಳಿದಳು. "ಯಾಕೆ ಸರ್ ಇಷ್ಟು ತಡ ಮಾಡಿದ್ರಿ?"

"ಲಿಫ್ಟ್ ರಿಪೇರಿ ಮಾಡೋನು ನಾನು. ಒಳಗೆ ನಿಂತು ಸದ್ದು ಕೇಳಿದ್ರೆ ಯಾವ ಬೇರಿಂಗ್ ಸವೆದಿದೆ ಅಂತ ಹೇಳ್ತೀನಿ. ಅಂಥವನಿಗೆ ಒಬ್ರು ನಿನ್ನ ಕಿವಿ ಕೆಟ್ಟಿದೆ ಅಂದ್ರು. ಎಲ್ರೂ ನಕ್ರು. ಆ ಹಟಕ್ಕೇ ಬರ್ಲಿಲ್ಲ." ಅವನು ಕೈಯಲ್ಲಿದ್ದ ಚೀಟಿಯನ್ನು ಮಡಿಸಿದ. "ಬೇರೆ ಯಾರಂದಿದ್ರೂ ಬಿಡ್ತಿದ್ದೆ ಮೇಡಂ. ಅವರು ಏನು ಕೇಳ್ತಿದಾರೆ ಅಂತ ನೋಡಿದ ಮೇಲೇ ನಾನು ದಿನಾ ಬರೀತಿದ್ದದ್ದು."

ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು!

ಡಾಕ್ಟರಮ್ಮ ಚಾರ್ಟ್ ನೋಡಿ ಅಂದೇ ಔಷಧಿ ಶುರು ಮಾಡಿದರು. "ಎರಡು ವಾರದ ಒಳಗೆ ಬಂದಿದ್ದಾರೆ, ಆಸೆ ಇದೆ. ಮೊದಲ ದಿನಾನೇ ಬಂದಿದ್ರೆ ಇನ್ನೂ ಚೆನ್ನಾಗಿತ್ತು" ಎಂದರು. ಆ ಕೊನೆಯ ಮಾತು ಅವಳ ಜೊತೆ ಮನೆಗೂ ಬಂತು.

ಮನೆಯಲ್ಲಿದ್ದದ್ದು ಅವಳೂ ಅಜ್ಜಿಯೂ. ಊಟದ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತವಳು ಎಲ್ಲವನ್ನೂ ಹೇಳಿಬಿಟ್ಟಳು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ಎಷ್ಟು ಸಲ ಬಡ್ಕೊಂಡಿದೀನಿ ನಿಂಗೆ?"

"ಗುಂಪಿನಲ್ಲಿ ಕ್ಷಮೆ ಕೇಳ್ತೀನಿ ಅಜ್ಜಿ."

"ಏನಂತ? ಪಾಪ, ಅವನ ಕಿವಿ ನಿಜವಾಗ್ಲೂ ಕೆಟ್ಟಿದೆ ಅಂತಾನಾ?"

ಹೌದಲ್ಲ! ರೋಗಿಯ ಗುಟ್ಟನ್ನು ನಲವತ್ತು ಜನರ ಮುಂದೆ ಹರಡುವ ಹಾಗಿಲ್ಲ. ಅವನಿಗೇ ಹೇಳೋಣವೆಂದರೆ, ಸಿಟ್ಟಿನಲ್ಲಿ ಪರೀಕ್ಷೆಗೇ ಬರದೆ ಹೋದರೆ?

ವಾರದ ನಂತರ ಬಂದ. ಹತ್ತು ಪದಗಳಲ್ಲಿ ನಾಲ್ಕು ಸರಿ ಹೇಳಿದ. "ಬಾಗಿಲು ತೆಗೀತು ಮೇಡಂ!" ಎಂದು ನಕ್ಕ. ಹೋಗುವಾಗ ಬಾಗಿಲ ಬಳಿ ನಿಂತು, "ನೀವು ಪದ ಹೇಳೋ ರೀತಿ ಚೆನ್ನಾಗಿದೆ. ಒಂದೊಂದನ್ನೂ ತೂಗಿ ಇಟ್ಟ ಹಾಗೆ" ಎಂದ. ಅವಳಿಗೆ ಸಂತೋಷಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಹೇಳದೆ ಕಳೆದ ಒಂದೊಂದು ದಿನವೂ ಮೋಸವೇ ಅಲ್ಲವೇ?

ಮೂರನೆಯ ಸಲ ಬಂದಾಗ ಪಟ್ಟಿಯ ಪದಗಳನ್ನು ಒಂದೊಂದಾಗಿ ಹೇಳಿದಳು. ಎಡಗಿವಿಗೆ ಮಾತ್ರ.

"ಮನೆ." "ಮನೆ."

"ಮರ." "ಮರ."

"ಹಾಲು." "ಹಾಲು."

ಅವಳು ಪಟ್ಟಿಯನ್ನು ಬೋರಲು ಹಾಕಿದಳು. "ನಾನೇ ತಕ್ಕಡಿ."

"ನಾನೇ ತಕ್ಕ..." ಅವನು ಕಣ್ಣು ತೆರೆದ.

ಗಾಜಿನ ಈಚೆ ಅವಳ ಕಣ್ಣು ತುಂಬಿತ್ತು. ಅವನು ನಿಧಾನವಾಗಿ ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಬಂದ.

"ಯಾವತ್ತಿಂದ ಗೊತ್ತು?"

"ಮೊದಲನೇ ದಿನದಿಂದ... ಶ್ರುತಿ ಸರಿಯಿಲ್ಲ ಅಂದ್ರಲ್ಲ, ಆಗ್ಲೇ."

"ಅಂದ್ರೆ ತಕ್ಕಡಿ ಮಾತಿಗೆ ನಾನೆಷ್ಟು ಬೆಲೆ ಕೊಡ್ತಿದ್ದೆ ಅಂತ ನಿಮ್ಮ ಎದುರಿಗೇ ಹೇಳಿಸ್ಕೊಂಡು ಸುಮ್ನೆ ಕೂತಿದ್ರಿ?" ಅವನ ದನಿ ಏರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. "ಅವತ್ತು ನಕ್ಕಿದ್ದು ಸಾಲ್ಲಿಲ್ವಾ?"

"ಹಾಗಲ್ಲ! ನೀವು ಚಿಕಿತ್ಸೆ ಬಿಟ್ಟುಬಿಟ್ರೆ ಅಂತ ಹೆದರ್ಕೊಂಡೆ..."

ಅವನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಅವನ ಚಾರ್ಟ್ ಅರ್ಧಕ್ಕೇ ನಿಂತಿತು.

ಮುಂದಿನ ವಾರ ಅವಳಿಗೆ ಯಾವ ರಾಗವೂ ರುಚಿಸಲಿಲ್ಲ. ಏಳು ಗಂಟೆಗೆ ಗುಂಪಿನಲ್ಲಿ ಬರೆದಳು: 'ಕಛೇರಿ ವಿಷಯದಲ್ಲಿ ಮಂದ್ರ ಅವರನ್ನ ಗೇಲಿ ಮಾಡಿದ್ದು ನನ್ನ ತಪ್ಪು. ಕೇಳೋದು ಹೇಗೆ ಅಂತ ನನಗೆ ಕಲಿಸಿದ್ದೇ ಅವರು.' ಅದಕ್ಕಿಂತ ಒಂದಕ್ಷರ ಹೆಚ್ಚು ಬರೆಯಲಿಲ್ಲ. ಉತ್ತರ ಬರಲಿಲ್ಲ.

ಕೊನೆಯ ಪರೀಕ್ಷೆಯ ದಿನ ಹತ್ತು ಗಂಟೆಗೆ ಅವನ ಸರದಿ. ಹತ್ತೂಕಾಲಾಯಿತು, ಹತ್ತೂವರೆಯಾಯಿತು. ಮುಂದಿನವರ ಚೀಟಿಗೆ ಕೈ ಹಾಕಿದಾಗ ಬಾಗಿಲು ತೆರೆಯಿತು.

"ನಿಮ್ಮ ಲಿಫ್ಟ್ ಎರಡನೇ ಮಹಡೀಲಿ ನಿಂತುಬಿಟ್ಟಿತ್ತು. ಸರಿ ಮಾಡಿ ಬಂದೆ" ಎಂದ ಅವನು. ಕೈಗೆಲ್ಲ ಗ್ರೀಸು. "ಎಡಗಿವಿ ಇಟ್ಟೇ ಕಂಡುಹಿಡಿದೆ. ಗುಂಪಿನಲ್ಲಿ ನೀವು ಬರೆದದ್ದನ್ನೂ ಓದ್ದೆ."

ಪರೀಕ್ಷೆ ಮುಗಿಯಿತು. ಹತ್ತರಲ್ಲಿ ಒಂಬತ್ತು! ಅವಳು ಚಾರ್ಟ್ ಮೇಲೆ ಗೆರೆ ಎಳೆಯುವಾಗ ಕಣ್ಣು ಮಂಜಾಗಿತ್ತು. ಅವನು ಬಾಗಿಲು ಹಿಡಿದು ನಿಂತ.

"ಈಗ ನೀವು ಒಳಗೆ ಕೂತ್ಕೊಳ್ಳಿ."

"ನಾನಾ? ಯಾಕೆ?"

"ನೀವು ಹೇಳಿದ್ದನ್ನೆಲ್ಲ ನಾನು ತಿರುಗಿ ಹೇಳ್ಲಿಲ್ವಾ? ಈಗ ನಿಮ್ಮ ಸರದಿ."

ಅವಳು ಹೋಗಿ ಕೂತು ಹೆಡ್‌ಫೋನ್ ಹಾಕಿಕೊಂಡಳು. ಗಾಜಿನ ಆಚೆ ಅವನು ಮೈಕಿಗೆ ಬಾಗಿದ.

"ಮನೆ."

"ಮನೆ."

"ಮರ."

"ಮರ."

"ಕ್ಷಮಿಸಿದೀನಿ."

ಅವಳು ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು.

"ಕೇಳಿಸ್ಲಿಲ್ವಾ? ಜೋರಾಗಿ ಹೇಳ್ಲಾ?"

"ಕೇಳಿಸ್ತು..." ಅಳುತ್ತಲೇ ನಕ್ಕಳು. "ಆದ್ರೂ ಇನ್ನೊಂದು ಸಲ ಹೇಳಿ."

"ಇನ್ನೊಂದು ಪದ ಇದೆ. ಎರಡು ವರ್ಷದಿಂದ ಇಟ್ಕೊಂಡಿದೀನಿ. ಅದನ್ನ ಮೈಕಿನಲ್ಲಿ ಹೇಳಲ್ಲ."

ಅವನು ಒಳಗೆ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತ. ಜೇಬಿನಿಂದ ಫೋನು, ಕಿವಿಗೆ ಸಿಕ್ಕಿಸುವ ಇಯರ್‌ಫೋನು ತೆಗೆದ. ಅದೇ ವೀಣೆಯ ಕಛೇರಿ. ಬಲಗಡೆಯದನ್ನು ತಾನು ಇಟ್ಟುಕೊಂಡು ಎಡಗಡೆಯದನ್ನು ಅವಳಿಗೆ ಕೊಟ್ಟ.

"ಎಡಗಡೆ ಇನ್ನೂ ಒಂದೆಳೆ ಇಳಿದೇ ಕೇಳಿಸುತ್ತೆ. ಪೂರ್ತಿ ಸರಿಹೋಗದೆ ಇರಬಹುದು ಅಂದ್ರು ಡಾಕ್ಟರಮ್ಮ."

"ಹಾಗಿದ್ರೆ ಎಡಗಡೇದು ನಾನು ಕೇಳ್ತೀನಿ. ಹೇಗಿದೆ ಅಂತ ನಿಮಗೆ ಹೇಳ್ತೀನಿ."

"ದಿನಾನಾ?"

"ದಿನಾ."

ತಂಬೂರಿ ಶುರುವಾಯಿತು. ಅವನು ಅವಳ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದ. "ಹೇಗಿದೆ?"

"ನೆಟ್ಟಗಿದೆ" ಎಂದಳು ಅವಳು, ಗ್ರೀಸು ಮೆತ್ತಿದ ಆ ಕೈಯನ್ನು ಹಿಡಿದುಕೊಂಡು. "ಈಗ ಆ ಪದ ಹೇಳಿ."