ಮೂರನೆಯ ಕಿಂಡಿಯ ದಾರ

"ಆ ದಾರ ಮುಟ್ಬೇಡಿ ಸಾರ್," ಎಂದು ಮೇಸ್ತ್ರಿ ಕೂಗುವಷ್ಟರಲ್ಲಿ ಇಂಜಿನಿಯರ್ ಅದನ್ನು ಕೈಗೆತ್ತಿಕೊಂಡಾಗಿತ್ತು.

ಹಿತ್ತಲಿನ ಅಂಚಿನಲ್ಲಿ, ಎಂದೋ ಕುಸಿದುಬಿದ್ದ ಹಳೆಯ ಗೋಡೆಯ ಬುಡದಲ್ಲಿ, ಪಾಯ ತೋಡುವಾಗ ಸಿಕ್ಕಿದ್ದು. ಮೂಳೆಯ ಚೂರಿಗೆ ಸುತ್ತಿದ ಕಪ್ಪು ದಾರ. ಕೊಳೆತ ಎಲೆ, ಹಳಸಿದ ಎಣ್ಣೆ, ಸುಟ್ಟ ಕೂದಲು ಮೂರೂ ಬೆರೆತಂಥ ನಾತ. ಕೆಳಗೆ ಜೌಗು ನೆಲ ಹಬ್ಬಿತ್ತು. ಜೊಂಡಿನ ನಡುವೆ ಗುಳಗುಳ ಎಂದು ಗುಳ್ಳೆ ಏಳುತ್ತಿದ್ದವು.

ಇಂಜಿನಿಯರ್ ಆ ಮನೆ ಕೊಂಡು ಎರಡು ತಿಂಗಳಾಗಿತ್ತಷ್ಟೆ. ಹಿತ್ತಲ ಮಣ್ಣು ದಿನಕ್ಕಿಷ್ಟು ಜೌಗಿನತ್ತ ಜಾರುತ್ತಿತ್ತು. ಅವನ ಏಳು ವರ್ಷದ ಮಗಳು ಪುಟ್ಟಿ ಒಮ್ಮೆ ಚೆಂಡಿನ ಹಿಂದೆ ಓಡಿ ಸೊಂಟದವರೆಗೆ ಕೆಸರಲ್ಲಿ ಹೂತುಹೋಗಿದ್ದಳು. ಅವತ್ತೇ ಅವನು ಶಪಥ ಮಾಡಿದ್ದ: ಇಲ್ಲೊಂದು ತಡೆಗೋಡೆ ಎದ್ದೇ ಏಳಬೇಕು, ಐವತ್ತು ವರ್ಷ ಅದು ಅಲುಗಬಾರದು. ಸೇತುವೆಗಳ ಗಟ್ಟಿತನ ಪರೀಕ್ಷಿಸುವುದೇ ಅವನ ಉದ್ಯೋಗ. ಅಂಥವನಿಗೆ ದಾರದ ಭಯ ಹೇಳಿದರೆ ಕೇಳುತ್ತಾನೆಯೇ?

"ಇದು ಯಾರದೋ ಅಳತೆ ಸಾರ್. ಜೌಗಲ್ಲಿ ಗೋಡೆ ನಿಲ್ದೇ ಇದ್ರೆ ಹಿಂದಿನೋರು ಮಾಟ ಮಾಡಿ ಒಬ್ಬರ ಎತ್ತರನ ಗೋಡೆಗೆ ಕೊಡ್ತಿದ್ರು. ಇದ್ದಲ್ಲೇ ಹೂತುಬಿಡಿ. ಗೋಡೆ ಹತ್ತು ಹೆಜ್ಜೆ ಈಚೆಗೆ ಕಟ್ಟೋಣ."

"ಹತ್ತು ಹೆಜ್ಜೆ ಈಚೆಗೆ ಬಂದ್ರೆ ಅಡುಗೆಮನೆ ಸಿಗುತ್ತೆ ಮೇಸ್ತ್ರಿ. ಒಲೆ ಮುಂದೆ ಕಟ್ತೀರಾ?"

ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಉಡಾಫೆ ಅಷ್ಟಕ್ಕೆ ಬಿಡುವುದಿಲ್ಲ. ಪುಟ್ಟಿಯನ್ನು ಕರೆದು, ದಾರದ ತುದಿಯನ್ನು ಅವಳ ಹಿಮ್ಮಡಿಗಿಟ್ಟು, ನೆತ್ತಿಯವರೆಗೆ ಎಳೆದ. ಅವಳು ಕಚಗುಳಿಯಾಗಿ ಕಿಲಕಿಲ ನಕ್ಕಳು. "ನೋಡಿ, ಮೂರಡಿ ಹನ್ನೊಂದು ಇಂಚು. ಏನಾಯ್ತು?" ಎನ್ನುತ್ತಾ ಅಲ್ಲೇ ಗಂಟು ಹಾಕಿದ. ಅರ್ಧಂಬರ್ಧ ಕೆಲಸ ಅವನಿಗೆ ಗೊತ್ತೇ ಇರಲಿಲ್ಲ. ಮೂರು ಸುತ್ತಿನ ಗಂಟು.

ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ಕರಣೆ, ತೂಕದ ಗುಂಡು ಎಲ್ಲವನ್ನೂ ಚೀಲಕ್ಕೆ ತುಂಬಿದ. "ಕೈ ಮುಗೀತೀನಿ ಸಾರ್, ಗೋಡೆ ಒಳಗಂತೂ ಅದನ್ನ ಹಾಕ್ಬೇಡಿ," ಎಂದವನು ತಿರುಗಿ ನೋಡದೆ ಹೋದ.

ಬೇರೆ ಆಳುಗಳು ಬಂದರು. ಅಗಲವಾದ ಪಾಯ, ಆಳೆತ್ತರದ ಕಲ್ಲಿನ ಗೋಡೆ, ಅದರ ಬೆನ್ನಿಗೆ ಜಲ್ಲಿ, ನೀರು ಬಸಿದು ಹೋಗಲು ಕೆಳಗೆ ಆರಡಿಗೊಂದರಂತೆ ಕೈ ತೂರುವಷ್ಟು ಅಗಲದ ಕೊಳವೆ ಕಿಂಡಿ. ಎಲ್ಲವೂ ನಕ್ಷೆಯಂತೆಯೇ. ಜಲ್ಲಿ ತುಂಬುವ ದಿನ ಜೇಬಿನಲ್ಲಿದ್ದ ದಾರ ನೆನಪಾಯಿತು. "ದೆವ್ವಕ್ಕೂ ನೀರು ಬಸಿಯೋ ಜಾಗ ಬೇಕಲ್ಲಪ್ಪ," ಎಂದು ನಗುತ್ತಾ ಮೂರನೆಯ ಕಿಂಡಿಯ ಹಿಂದೆ ಎಸೆದ.

ಮಳೆ ಶುರುವಾಯಿತು. ಅಕ್ಕಪಕ್ಕದ ಹಿತ್ತಲುಗಳು ಕುಸಿದು ಜೌಗು ಸೇರಿದವು. ಇವನ ಗೋಡೆ ಕೂದಲಷ್ಟೂ ಕದಲಲಿಲ್ಲ. ಅವನು ಬೀಗಿದ.

ಮೊದಲು ಬಂದದ್ದು ವಾಸನೆ. ಎಷ್ಟು ತೊಳೆದರೂ ಪುಟ್ಟಿಯ ಕೂದಲಿಂದ ಕೆಸರಿನ ನಾತ ಹೋಗದು. ಆಮೇಲೆ ಅವಳ ಫ್ರಾಕು ನೆಲ ಗುಡಿಸತೊಡಗಿತು. "ದರ್ಜಿ ಉದ್ದ ಹೊಲಿದಿದ್ದಾನೆ," ಎಂದು ಹೆಂಡತಿ ಗೊಣಗಿದಳು. ಈ ಮನೆಗೆ ಬಂದ ಹೊಸದರಲ್ಲಿ ಅವಳ ಹುಟ್ಟುಹಬ್ಬದಂದು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದ್ದರು. ಅವನು ಮಗಳನ್ನು ಅಲ್ಲಿಗೆ ನಿಲ್ಲಿಸಿದ. ನೆತ್ತಿ ಗುರುತಿಗಿಂತ ನಾಲ್ಕು ಬೆರಳು ಕೆಳಗಿತ್ತು.

"ನೆಟ್ಟಗೆ ನಿಲ್ಲಮ್ಮ."

"ನೆಟ್ಟಗೇ ನಿಂತಿದೀನಿ ಅಪ್ಪಾ."

ಅವನಿಗೆ ದಾರದ ಗಂಟು ನೆನಪಾಯಿತು. ಟೇಪು ಹಿಡಿದು ಗೋಡೆಯತ್ತ ಓಡಿದ. ಅಳೆದ. ಮತ್ತೆ ಅಳೆದ. ಗೋಡೆ ಸರಿಯಾಗಿ ನಾಲ್ಕು ಬೆರಳು ಬೆಳೆದಿತ್ತು.

ವೈದ್ಯರು ರಕ್ತ ನೋಡಿದರು, ಮೂಳೆಯ ಚಿತ್ರ ತೆಗೆಸಿದರು, ತಲೆ ಕೆರೆದುಕೊಂಡರು. ವಾರದೊಳಗೆ ಪುಟ್ಟಿ ಊಟದ ಮೇಜಿಗೆ ಎಟುಕದಾದಳು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಇಂಜಿನಿಯರ್ ಮೇಸ್ತ್ರಿಯ ಮನೆ ಹುಡುಕಿಕೊಂಡು ಹೋದ.

"ಗೋಡೆ ಒಡೆದುಹಾಕ್ತೀನಿ ಮೇಸ್ತ್ರಿ!"

"ಒಂದೇಟು ಹಾಕಿ ನೋಡಿ, ಎಲ್ಲಿ ನೋವಾಗುತ್ತೆ ಅಂತ. ಗೋಡೆ ಈಗ ಮಗು ಮೇಲೆ ನಿಂತಿದೆ ಸಾರ್."

"ಹಳೇ ಗೋಡೆ ಬಿತ್ತಲ್ಲ. ಅದು ಹೇಗೆ ಬಿತ್ತು?"

ಮೇಸ್ತ್ರಿ ನೆಲ ನೋಡಿದ. "ಅಳತೆ ಮುಗೀತು. ಅದಕ್ಕೇ ಬಿತ್ತು." ಅವನನ್ನು ಬಾಗಿಲತ್ತ ತಳ್ಳುತ್ತಾ, "ಕಟ್ಟಿದೋರೇ ಗಂಟು ಬಿಚ್ಬೇಕು. ಬೇರೆ ದಾರಿ ಇಲ್ಲ. ಓಡಿ," ಎಂದ.

ಮಧ್ಯಾಹ್ನವೇ ಕತ್ತಲು ಕವಿದಿತ್ತು. ಜೌಗಿಗಿಳಿದು ಗೋಡೆಯ ಎದುರು ನಿಂತ. ಅದು ಈಗ ಅವನ ತಲೆಯ ಮೇಲೆ ಎರಡು ಮೊಳ ಎದ್ದಿತ್ತು. ಸುತ್ತಿಗೆಯಿಂದ ಒಂದೇಟು ಕೊಟ್ಟ. ಮನೆಯೊಳಗೆ ಪುಟ್ಟಿ ಚೀರಿದಳು. ಸುತ್ತಿಗೆ ಕೈಜಾರಿತು.

ಕೆಸರಲ್ಲಿ ಮಂಡಿಯೂರಿ ಮೂರನೆಯ ಕಿಂಡಿಗೆ ಕೈ ತೂರಿಸಿದ. ಮೊಣಕೈವರೆಗೆ. ತೋಳಿನವರೆಗೆ. ಜಲ್ಲಿ ತಣ್ಣಗೆ ಕೊರೆಯಿತು. ದಾರ ಸಿಕ್ಕಿತು. ಗಂಟು ಸಿಕ್ಕಿತು. ಒಂದು ಸುತ್ತು ಸಡಿಲವಾಯಿತು. ಎರಡು. ಮೂರನೆಯದು ಬಿಗಿದಿತ್ತು. ಉಗುರು ಕಿತ್ತುಬಂತು. ಬಿಡಲಿಲ್ಲ.

"ಪುಟ್ಟಿ ಕಾಣ್ತಿಲ್ಲ ರೀ!" ಹೆಂಡತಿಯ ಕೂಗು. "ಹಾಸಿಗೇಲಿ ಬರೀ ಫ್ರಾಕ್ ಇದೆ!"

ಆಗ ಕಿಂಡಿಯೊಳಗೆ ಅವನ ಬೆರಳನ್ನು ಏನೋ ಹಿಡಿದುಕೊಂಡಿತು.

ಪುಟ್ಟ ಕೈ. ಒದ್ದೆ. ಬೆಚ್ಚಗಿನ ಕೈ.

"ಅಪ್ಪಾ," ಎಂದಿತು ಗೋಡೆಯ ಒಳಗಿನ ದನಿ. "ಇಲ್ಲಿ ಕತ್ತಲೆ. ಗಟ್ಟಿಯಾಗಿ ಹಿಡ್ಕೋ."

ಹಿಡಿದ. ಎಳೆದ. ಬರಲಿಲ್ಲ. ಗೋಡೆ ತಾನೇ ಕಟ್ಟಿಸಿದ್ದು. ಅದರಲ್ಲಿ ಎಲ್ಲೂ ಬಿರುಕಿಲ್ಲ, ಎಲ್ಲೂ ಸಡಿಲವಿಲ್ಲ. "ಬಂದೆ ಮಗಳೇ, ಬಂದೆ," ಎಂದು ಅಳುತ್ತಾ ಕಲ್ಲಿಗೆ ತಲೆ ಚಚ್ಚಿಕೊಂಡ. ತಲೆಯ ಮೇಲೆ ಕಲ್ಲುಗಳು ಮೆಲ್ಲಗೆ ಕಿರುಗುಟ್ಟುತ್ತಾ ಮೇಲೇರುತ್ತಿದ್ದವು. ಅವನ ಮುಷ್ಟಿಯೊಳಗೆ ಆ ಕೈ ಚಿಕ್ಕದಾಗುತ್ತಿತ್ತು. ಕೂಸಿನ ಕೈಯಷ್ಟು. ಹೆಬ್ಬೆರಳಿನಷ್ಟು. ಕಡಲೆಕಾಳಿನಷ್ಟು.

ಮುಷ್ಟಿ ಖಾಲಿಯಾಯಿತು.

ಮೇಲೆಲ್ಲೋ ಮೊದಲ ಕಲ್ಲು ಬಿರಿದ ಸದ್ದು ಕೇಳಿಸಿತು. ಗೋಡೆ ನಿಧಾನವಾಗಿ ಜೌಗಿನತ್ತ ವಾಲತೊಡಗಿತು. ಓಡಲು ಸಮಯವಿತ್ತು. ಅವನು ಕಿಂಡಿಯಿಂದ ಕೈ ತೆಗೆಯಲಿಲ್ಲ.