ಪಟ್ಟಿಯಲ್ಲಿಲ್ಲದ ಸಿದ್ದೀಕಾ

"ಲ್ಯಾಪ್‌ಟಾಪ್ ಮುಚ್ಚಬ್ಯಾಡ್ರಿ. ಹಂಗ ಇರಲಿ."

ಬಾಗಿಲಲ್ಲೇ ನಿಂತು ಸಿದ್ದೀಕಾ ಅಂದಳು. ಸೊಹೇಲನ ಕೈ ಅರ್ಧಕ್ಕೆ ನಿಂತಿತು.

ಸಿಂದಗಿ ಬಸ್ ಸ್ಟ್ಯಾಂಡ್ ಎದುರಿನ ಆ ಇಕ್ಕಟ್ಟಾದ ಆಫೀಸಿನಲ್ಲಿ ಅವನು ಜನರ ಷೇರು, ಮ್ಯೂಚುವಲ್ ಫಂಡುಗಳ ಲೆಕ್ಕ ನೋಡುತ್ತಿದ್ದ. ಅವಳ ಅಬ್ಬಾ, ತೊಗರಿ ವ್ಯಾಪಾರಿ ಇಬ್ರಾಹಿಂಸಾಬರು, ಮನೆಮಂದಿಯ ಹೆಸರಿನಲ್ಲಿ ಎಲ್ಲೆಲ್ಲೋ ತೆರೆದಿದ್ದ ಖಾತೆಗಳನ್ನು ಒಂದೇ ಸಾಫ್ಟ್‌ವೇರಿನಲ್ಲಿ ಜೋಡಿಸಿಡಲು ಅವನಿಗೆ ಹೇಳಿದ್ದರು. ಅದರಲ್ಲಿ ಸಿದ್ದೀಕಾಳ ಖಾತೆಯೂ ಇತ್ತು. ಸ್ವಂತ ಅಂಗಡಿ ಹಾಕುವ ಆಸೆಯಿಂದ, ಹೊಲಿಗೆಯಲ್ಲಿ ದುಡಿದು ತಿಂಗಳು ತಿಂಗಳು ಕಟ್ಟಿದ್ದು.

"ಮುಂಜಾನಿ ಮೊಬೈಲ್‌ನ್ಯಾಗ ಮನಿ ಲೆಕ್ಕದ ಪಟ್ಟಿ ನೋಡಿದ್ನಿ. ಅಬ್ಬಾಂದೈತಿ, ಅಮ್ಮೀದೈತಿ, ಮುದುಕಿ ದಾದೀದೂ ಐತಿ. ನಂದೆಲ್ಲಿ ಹೋತ್ರಿ?"

ಅವನು ತಲೆ ತಗ್ಗಿಸಿದ.

ಅವಳಿಗೆ ಹಿಂದಿನ ಫೋನುಗಳು ನೆನಪಾದವು. 'ಓಟಿಪಿ ಹೇಳ್ರಿ' ಎಂದು ಇವನು ಫೋನ್ ಮಾಡಿದಾಗಲೆಲ್ಲ ನಗುನಗುತ್ತ ಹೇಳಿದ್ದೆನಲ್ಲ... ಏಳು ಬೀಗದ ಪೆಟ್ಟಿಗೆಯ ಕೀಲಿಯನ್ನು ಕಳ್ಳನ ಕೈಗೇ ಕೊಟ್ಟು, ಅವನ ಕಣ್ಣು ಚಂದ ಅಂದುಕೊಂಡು ಕೂತ ರಾಜಕುಮಾರಿಯ ಹಾಗೆ! ಅದಕ್ಕೇ ಏನು, ಈ ವಾರವಿಡೀ ಇವನು ಮುಖ ತಪ್ಪಿಸುತ್ತಿರುವುದು?

"ನೀವು ರೊಕ್ಕ ತಗದೀರಿ ಅಂತ ನಾ ಅನ್ನಾಕತ್ತಿಲ್ಲ. ಆದರ ಅನ್ನೂಹಂಗ ಕುಂತೀರಿ ನೀವು."

"ಇದರಾಗಿಂದ ಯಾರೂ ರೊಕ್ಕ ತಗಿಯಾಕ ಬರೂದಿಲ್ರಿ. ಇದು ಬರೇ ಲೆಕ್ಕ ತೋರಸ್ತೈತಿ. ಫಂಡ್ ಕಂಪನಿ ಆ್ಯಪ್‌ನ್ಯಾಗ ನೋಡ್ರಿ, ನಿಮ್ಮ ರೊಕ್ಕ ಇದ್ದಲ್ಲೇ ಐತಿ."

ನೋಡಿದಳು. ಇತ್ತು. ಆದರೆ ಸಂಶಯ ಇಳಿಯಲಿಲ್ಲ, ಇನ್ನೊಂದು ಮೆಟ್ಟಿಲು ಏರಿತು.

"ಹಂಗಾದ್ರ ಹೆಸರ ಯಾಕ ತಗದ್ರಿ? ಯಾರ ಹೇಳಿದ್ರು?"

ಸೊಹೇಲ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದ.

"ನಿಮ್ಮ ಅಬ್ಬಾ. ಮುದ್ದೇಬಿಹಾಳದವರ ಜೋಡಿ ನಿಮ್ಮ ಮದುವಿ ಮಾತು ಪಕ್ಕಾ ಆತಂತ. ಹೊಂಟ ಮಗಳ ಲೆಕ್ಕ ಮನಿ ಲೆಕ್ಕದಾಗ ಬ್ಯಾಡ, ಬ್ಯಾರೆ ಮಾಡಪಾ ಅಂದ್ರು. ಅಕಿ ಮುಂದ ಈ ಮಾತು ತಗೀಬ್ಯಾಡ, ನಾಚಿಕೊಂತಾಳ ಅಂದ್ರು..."

"ನೀವು ಬ್ಯಾರೆ ಮಾಡಿದ್ರಿ."

"ಮಾಡಿದ್ನಿ."

"ನನ್ನ ದುಡಿಮಿ ಅದು. ನನ್ನ ಒಂದ ಮಾತು ಕೇಳಬೇಕು ಅನಸಲಿಲ್ಲೇನ್ರಿ?"

"ಆ ಹುಡುಗನ್ನ ಒಪ್ಪಿಕೊಂಡೂ ಇವರು ನನ್ನ ಜೋಡಿ ಹಿಂಗ್ಯಾಕ ನಕ್ಕೋಂತ ಮಾತಾಡ್ತಾರ ಅಂತ ನಂಗೂ ಸಂಶಯ ಇತ್ರಿ. ಆದರ ಕೇಳಾಕ ಅಂಜಿದ್ನಿ. ನೀವು ಹೌದು ಅಂದ್ಬಿಟ್ರ..."

ಸಿದ್ದೀಕಾ ಅವನೆದುರಿಗೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಅಬ್ಬಾ, ಮುದ್ದೇಬಿಹಾಳಕ್ಕ ನಾ ಯಾವಾಗ ಹೂಂ ಅಂದ್ನಿ?"

"ಒಲ್ಲೆ ಅನ್ನಲಿಲ್ಲಲ್ಲ ಬೇಟಿ. ದಾದಿ ಹುಡುಗನ ಫೋಟೊ ತೋರಿಸಿದಾಗ ಸುಮ್ಮನ ಎದ್ದ ಒಳಗ ಓಡಿದಿ. ನಾಚಿಕೊಂಡಿ ಅಂತ ಹಿರೇರೆಲ್ಲಾ ನಕ್ಕರು."

"ಗಿರಾಕಿ ಕುಪ್ಪಸದ ಮ್ಯಾಲೆ ಇಸ್ತ್ರಿ ಬಿಟ್ಟ ಬಂದಿದ್ನಿ ಅಬ್ಬಾ. ಸುಟ್ಟ ವಾಸನಿ ಬಂತು, ಓಡಿದ್ನಿ."

"ಇಸ್ತ್ರೀನ?" ಅಂದರು ಇಬ್ರಾಹಿಂಸಾಬರು.

"ಈಗ ಬಾಯಿಬಿಟ್ಟ ಹೇಳ್ತೇನಿ. ನಾ ಒಲ್ಲೆ. ಅವರಿಗೆ ಇವತ್ತ ತಿಳಿಸಿಬಿಡ್ರಿ."

ಇಬ್ರಾಹಿಂಸಾಬರು ಉದ್ದಕ್ಕೆ ಉಸಿರುಬಿಟ್ಟರು. "ನಾ ಮೊದಲ ನಿನ್ನ ಕೇಳಬೇಕಾಗಿತ್ತು. ತಿಳಸ್ತೇನಿ. ಮನಿಗೆ ಬಾ, ಕುಂತು ಮಾತಾಡೂಣು."

ಅವಳು ಫೋನ್ ಇಟ್ಟಳು. ಸೊಹೇಲ ಸದ್ದಿಲ್ಲದೆ ಅವಳ ಹೆಸರನ್ನು ಮನೆಯವರ ಪಟ್ಟಿಗೆ ಮತ್ತೆ ಸೇರಿಸಿ, ಪರದೆಯನ್ನು ಅವಳ ಕಡೆ ತಿರುಗಿಸಿದ.

"ಕಳ್ಳ ಅಂತ ತಿಳಕೊಂಡ್ರೇನ್ರಿ ನನ್ನ?"

"ದಾರಿ ತುಂಬ ಅದನ್ನ ಅಂದ್ಕೊಂತ ಬಂದೇನಿ. ಅಳಕೊಂತ."

"ರೊಕ್ಕ ಹೋತಂತ?"

"ಅಲ್ಲ... ನೀವು ಖರೇನ ಹಂಗ ಇದ್ರ ಏನ್ ಮಾಡ್ಲಿ ಅಂತ."

ಅವನು ಕುರ್ಚಿಯಿಂದ ಎದ್ದ. ದನಿ ತೀರ ತಗ್ಗಿತ್ತು.

"ನಮ್ಮ ಅಮ್ಮಾನ್ನ ನಿಮ್ಮ ಮನಿಗೆ ಕಳಸಲೇನ್ರಿ?"

ಸಿದ್ದೀಕಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡಿದಳು.

"ಸುಮ್ಮನ ನಿಂತ್ರ ಹೂಂ ಅಂತ ತಿಳ್ಕೊಳಾಂವ ಅಲ್ಲ ನಾ. ಬಾಯಿಬಿಟ್ಟ ಹೇಳ್ರಿ."

ಅವಳು ತಲೆಯೆತ್ತಿದಳು.

"ಹೂಂ," ಅಂದಳು. "ಕಳಸ್ರಿ, ಸೊಹೇಲ."