ಕಾಳಿನ ಪೈಲ್ವಾನ

“ಪ್ರಮಿಳಾ, ನನ್ನ ಡಬ್ಬಿ ಇಷ್ಟ ಹಗರ ಯಾಕ ಆಗೇತಿ?”

ಅಡುಗೆಮನೆಯಿಂದ ಮಮ್ಮಿಯನ್ನು ಕೂಗಿದ ಆಯಿಯ ದನಿ ಕೇಳಿದ್ದೇ ತಡ, ರಸಿಕಾಳ ಬಾಯಲ್ಲಿದ್ದ ಚಪಾತಿ ಅಲ್ಲೇ ನಿಂತಿತು. ಅಪ್ಪನ ತಾಯಿ ಸಂಗವ್ವ ಆಯಿ, ಡಾಕ್ಟರಿಗೆ ಕಣ್ಣು ತೋರಿಸಲು ತನ್ನ ಹಳ್ಳಿ ಪಾರಿಶ್ವಾಡದಿಂದ ಟಿಳಕವಾಡಿಯ ಮಗನ ಮನೆಗೆ ಬಂದು ಎಂಟು ದಿನವಾಗಿತ್ತು. ಇವತ್ತು ಬೆಳಗಿನ ಬಸ್ಸಿಗೆ ಊರಿಗೆ ಹೊರಟಿದ್ದಳು.

“ಬೂದಿ ಹಚ್ಚಿಟ್ಟ ರಾಜಮಾ ಎಲ್ಲಿ ಹೋದವು?”

ಎಲ್ಲಿ ಹೋಗುತ್ತವೆ! ಹೊರಗೆ ಹಾಲ್‌ನಲ್ಲಿ, ಗೋಡೆಗೆ ಒರಗಿಸಿದ ಚಾರ್ಟಿನ ಮೇಲೆ ಒಬ್ಬ ಪೈಲ್ವಾನನಾಗಿ ತೋಳು ಉಬ್ಬಿಸಿ ನಿಂತಿದ್ದವು.

ಇವತ್ತು ಶಾಲೆಯಲ್ಲಿ ಪೌಷ್ಟಿಕ ಆಹಾರದ ಪ್ರದರ್ಶನ. ರಸಿಕಾಳಿಗೆ ಬಂದ ವಿಷಯ ರಾಜಮಾ. ಹೋದ ವರ್ಷ ಅವಳ ಚಾರ್ಟನ್ನು ಯಾರೂ ತಿರುಗಿ ನೋಡಿರಲಿಲ್ಲ. ಈ ಸಲ ಫಸ್ಟ್ ಬರಲೇಬೇಕೆಂದು ಹಟ ಹಿಡಿದಿದ್ದಳು. ಆದರೆ ಮನೆಯಲ್ಲಿದ್ದ ರಾಜಮಾ ಪೂರ್ತಿ ನಿನ್ನೆ ರಾತ್ರಿಯ ಊಟಕ್ಕೇ ಖಾಲಿ. ಹುಡುಕಾಡಿದಾಗ ಆಯಿಯ ಡಬ್ಬಿ ಸಿಕ್ಕಿತು. ಬೂದಿ ಮೆತ್ತಿದ ಕಾಳು, ಯಾರಿಗೂ ಬೇಡವಾದದ್ದು ಇರಬೇಕು ಅಂದುಕೊಂಡು ಒರೆಸಿ, ಗಮ್ ಹಚ್ಚಿ ಅಂಟಿಸಿಬಿಟ್ಟಿದ್ದಳು. ಕೇಳೋಣವೆಂದರೆ ಆಯಿ ಮಲಗಿದ್ದಳು. ಅದೊಂದು ನೆಪ ಅಷ್ಟೇ.

“ನಾನೇ ತಗೊಂಡೆ ಆಯಿ,” ಎಂದಳು ಮೆಲ್ಲಗೆ.

ಆಯಿ ಬಂದು ಚಾರ್ಟಿನ ಮುಂದೆ ಕುಳಿತಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ರಸಿಕಾಳಿಗೆ.

“ಏನ ಬರದೀ? ಓದು, ಕೇಳೂಣು.”

“ರಾಜಮಾದಾಗ ಪ್ರೋಟೀನ್ ಐತಿ, ಮೈ ಬೆಳಿಯಾಕ. ಕಬ್ಬಿಣ ಐತಿ, ರಕ್ತಕ್ಕ. ನಾರು ಐತಿ, ಹೊಟ್ಟಿ ಸಾಫ್ ಇರಾಕ.”

“ಖರೇ ಬರದೀ. ಆದ್ರ ರಾತ್ರಿ ನೆನಿ ಹಾಕಿ, ಆ ನೀರು ಚೆಲ್ಲಿ, ಮೆತ್ತಗ ಆಗೂಮಟ ಕುದಸಬೇಕಲ್ಲ? ಅರೆಬೆಂದದ್ದು ತಿಂದ್ರ ನಿನ್ನ ಪೈಲ್ವಾನ ತಂಬಿಗಿ ಹಿಡಕೊಂಡು ಓಡತಾನ!”

ಮಮ್ಮಿ ಕಿಸಕ್ಕನೆ ನಕ್ಕಳು. ರಸಿಕಾಳಿಗೂ ನಗು ಬಂತು. ಆದರೆ ಆಯಿಯ ಬೆರಳು ಒಂದೊಂದೇ ಕಾಳನ್ನು ಮುಟ್ಟುತ್ತಿತ್ತು.

“ಇವು ಬೀಜ, ರಸಿಕಾ. ನಮ್ಮತ್ತಿ ನನಗ ಕೊಟ್ಟಿದ್ದು. ವರ್ಷಾ ಬೆಳದಾಗ ಚೊಲೋವು ಆರಿಸಿ, ಹುಳಾ ಬೀಳದಂಗ ಬೂದಿ ಹಚ್ಚಿ ಇಡತೀನಿ. ಊರ ಮನ್ಯಾಗ ಇಲಿ ಕಾಟ, ಅದಕ್ಕ ಸಂಗಾಟ ತಂದಿದ್ನಿ. ಭತ್ತ ಕೊಯ್ದ ಗದ್ದಿ ಹಸಿ ಆರೂದ್ರಾಗ ಬಿತ್ತಬೇಕಿತ್ತು.”

“ಅಂಗಡ್ಯಾಗಿನ ಕಾಳು ಬಿತ್ತಿದ್ರ?”

“ಅವು ಹುಟ್ಟತಾವೋ ಇಲ್ಲೋ, ಯಾರಿಗೊತ್ತು? ಇರ್ಲಿ ಬಿಡು. ನಿನ್ನ ಸಾಲಿ ಕೆಲಸ ಆಗ್ಲಿ. ಈ ವರ್ಷ ಬ್ಯಾರೆ ಏನರ ಹಾಕೂಣು.”

ಆಯಿ ಖಾಲಿ ಡಬ್ಬಿಯ ಮುಚ್ಚಳ ಹಾಕಿ ಚೀಲದಲ್ಲಿಟ್ಟಳು. ಅದನ್ನು ನೋಡಿ ರಸಿಕಾಳಿಗೆ ಅಳುವೇ ಬಂತು. ಗಡಿಯಾರ ನೋಡಿದಳು. ಶಾಲೆಯ ಆಟೊ ಬರಲು ಒಂದು ತಾಸು ಇತ್ತು. ಚಾರ್ಟಿಗೆ ಬೇರೆ ಕಾಳು ತರೋಣವೆಂದರೆ ಅಂಗಡಿ ತೆಗೆಯುವುದು ಹತ್ತಕ್ಕೆ. ಪೈಲ್ವಾನನ ಉಬ್ಬಿದ ತೋಳನ್ನು ಕೊನೆಯ ಸಲ ಕಣ್ತುಂಬ ನೋಡಿ, ಉಗುರಿನಿಂದ ಒಂದು ಕಾಳು ಎಬ್ಬಿಸಿದಳು. ಟಪ್ಪೆಂದು ಬಂತು.

“ಅಯ್ಯ, ಏನ ಮಾಡಾಕತ್ತೀ ಹುಡುಗಿ!”

“ಡಬ್ಬಿ ತಗೀ ಆಯಿ.”

ಮಮ್ಮಿ ಒದ್ದೆ ಬಟ್ಟೆ ತಂದಳು. ಮೂವರೂ ಕುಳಿತು ಬಿಡಿಸಿದರು, ಗಮ್ ಒರೆಸಿ ಡಬ್ಬಿಗೆ ಹಾಕಿದರು. ಕೊನೆಗೆ ಪೈಲ್ವಾನ ಗಮ್ಮಿನ ಕಲೆಗಳಿಂದ ಮೈತುಂಬ ದಡಾರ ಎದ್ದವನ ಹಾಗೆ ಕಂಡ. ರಸಿಕಾ ಅವನ ಕಾಲ ಕೆಳಗೆ ಸ್ಕೆಚ್ ಪೆನ್ನಿನಿಂದ, ‘ನೆನೆಸಿ, ಮೆತ್ತಗೆ ಬೇಯಿಸಿಯೇ ತಿನ್ನಿ’ ಎಂದು ಬರೆದಳು.

ಶಾಲೆಯಲ್ಲಿ ಎಲ್ಲರೂ ಅವಳ ಕ್ಲಾಸಿನ ಹುಡುಗ ಅವಧೂತ ಮಾಡಿ ತಂದಿದ್ದ ಸೊಪ್ಪಿನ ತೋಟದ ಮುಂದೆ ಮುತ್ತಿಕೊಂಡಿದ್ದರು. ರಸಿಕಾಳ ಚಾರ್ಟ್ ನೋಡಿದವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಫಸ್ಟ್ ಪ್ರೈಜ್ ಅಂತೂ ಕೈತಪ್ಪಿತ್ತು.

ಮನಿಷಾ ಟೀಚರ್ ಬಂದು ಬಗ್ಗಿ ನೋಡಿದರು. “ರಸಿಕಾ, ನಿನ್ನ ಪೈಲ್ವಾನಗ ಏನಾಗೇತಿ? ಕಾಳು ಎಲ್ಲಿ ಹೋದವು?”

ಆಯಿಯ ಬಸ್ಸು ಇಷ್ಟು ಹೊತ್ತಿಗೆ ಖಾನಾಪುರ ದಾಟಿರಬೇಕು. ಡಬ್ಬಿ ತೊಡೆಯ ಮೇಲೇ ಇರುತ್ತದೆ, ಚೀಲದಲ್ಲಿ ಇಟ್ಟಿರುವುದಿಲ್ಲ. ರಸಿಕಾಳಿಗೆ ಅದು ಗೊತ್ತಿತ್ತು.

“ಊರಿಗೆ ಹೋಗ್ಯಾವ್ರಿ ಟೀಚರ್.”

“ಹೌದಾ! ಮತ್ತ ಯಾವಾಗ ಬರತಾವ?”

ರಸಿಕಾ ಬೆರಳು ಮಡಚಿ ಎಣಿಸಿದಳು.

“ಇನ್ನೂ ಮೂರು ತಿಂಗಳ ಬೇಕ್ರೀ,” ಎಂದಳು. “ಆದ್ರ ಹೋದಷ್ಟ ಬರೂದಿಲ್ರಿ. ಭಾಳ ಬರತಾವು.”